ಪಿಸ್ಟನ್ ಕೊಡದೆ ಬೋರ್ ಮಾಡಲ್ಲ ಅನ್ನುವ ಅಂಗಡಿ: ಕಲಬುರಗಿಯಲ್ಲಿ ಅಂಬಾಸಿಡರ್ ಎಂಜಿನ್ ಕಟ್ಟುವವರಿಗೆ

ಹಳೇ ಕಾರಿನ ಎಂಜಿನ್ ಮನೆಯಲ್ಲೇ ಕಟ್ಟಬೇಕು ಅಂತ ಹೊರಡುವವರು ಮೊದಲು ಕೇಳುವುದು ಪಾನಾ ಸೆಟ್ ಯಾವುದು ಒಳ್ಳೆಯದು, ಟಾರ್ಕ್ ರೆಂಚ್ ಎಷ್ಟಕ್ಕೆ ಸಿಗುತ್ತದೆ ಅಂತ. ಅದೆಲ್ಲ ಆಮೇಲೆ ನೋಡಿಕೊಳ್ಳಬಹುದು. ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಮನೆಯಲ್ಲಿ ಆಗುತ್ತದೆ, ತಾಳ್ಮೆ ಇದ್ದರೆ ಸಾಕು. ಬೋರ್ ಮಾಡುವುದು (ಸವೆದ ಸಿಲಿಂಡರನ್ನು ಕೊರೆದು ಸ್ವಲ್ಪ ದೊಡ್ಡದು ಮಾಡುವುದು), ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಗ್ರೈಂಡ್ ಮಾಡುವುದು, ಹೆಡ್‌ನಲ್ಲಿ (ಎಂಜಿನ್ನಿನ ಮೇಲಿನ ಮುಚ್ಚಳ) ವಾಲ್ವ್ ಸೀಟ್ ಕೂರಿಸುವುದು ಮನೆಯಲ್ಲಿ ಆಗಲ್ಲ. ಎಂಜಿನ್ ಬಾಳುವುದೂ ಹಾಳಾಗುವುದೂ ಅಲ್ಲೇ. ಅದಕ್ಕೆ ಈ ರಿವ್ಯೂ ಆ ಮೂರು ಕೆಲಸ ಮಾಡಿಕೊಟ್ಟ ಅಂಗಡಿಯದು.

ಅಂಗಡಿ ಹುಮನಾಬಾದ್ ರಸ್ತೆಯಲ್ಲಿ, ಕಪನೂರ ಕೈಗಾರಿಕಾ ಪ್ರದೇಶದ ಕಡೆ, ದಾಲ್ ಮಿಲ್‌ಗಳ ನಡುವೆ ಇದೆ. ಬೋರ್ಡಿನ ಬಣ್ಣ ಹೋಗಿದೆ, ಅದರ ಮೇಲಿನ ಹೆಸರು ಹೇಳಿದರೆ ಯಾರೂ ದಾರಿ ತೋರಿಸಲ್ಲ. ಬೋರಿಂಗ್ ಉಸ್ತಾದ್ ಅಂಗಡಿ ಎಲ್ಲಿ ಅಂತ ಯಾವ ಟ್ರ್ಯಾಕ್ಟರ್ ಮೆಕ್ಯಾನಿಕ್‌ನನ್ನು ಕೇಳಿದರೂ ಹೇಳುತ್ತಾನೆ. ಇವರಿಗೆ ಬರುವ ಕೆಲಸದಲ್ಲಿ ಜಾಸ್ತಿ ಪಾಲು ಟ್ರ್ಯಾಕ್ಟರ್, ಉಳಿದದ್ದು ಟಂಟಂ, ಜೀಪು, ಬೋರ್‌ವೆಲ್ ಲಾರಿಯ ಕಂಪ್ರೆಸರ್. ಕಾರು ಅಪರೂಪ. ಈಗಿನ ಕಾರಿನ ಎಂಜಿನ್ ಯಾರು ಬೋರ್ ಮಾಡಿಸ್ತಾರೆ ಬಿಡಿ.

ನನ್ನದು 1980ರ ದಶಕದ ಮಾರ್ಕ್ 4 ಪೆಟ್ರೋಲ್ ಅಂಬಾಸಿಡರ್. ನಮ್ಮ ಕಾಕಾ ಓಡಿಸಿದ ಗಾಡಿ, ಬಹಳ ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಚಾಲೂ ಮಾಡಿದರೆ ನೀಲಿ ಹೊಗೆ, ಪೆಟ್ರೋಲಿಗಿಂತ ಎಂಜಿನ್ ಆಯಿಲ್‌ಗೇ ಜಾಸ್ತಿ ಖರ್ಚು ಅನ್ನುವ ಸ್ಥಿತಿ. ಒಳಗಿರುವುದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್. 1489 ಸಿಸಿ, ನಾಲ್ಕು ಸಿಲಿಂಡರ್, ಕ್ರ್ಯಾಂಕನ್ನು ಹಿಡಿಯುವ ಮೇನ್ ಬೇರಿಂಗ್ ಮೂರೇ, ಬ್ಲಾಕೂ (ಸಿಲಿಂಡರ್‌ಗಳಿರುವ ಭಾಗ) ಹೆಡ್ಡೂ ಎರಡೂ ಬೀಡು ಕಬ್ಬಿಣ. ಬೋರ್, ಅಂದ್ರೆ ಸಿಲಿಂಡರಿನ ವ್ಯಾಸ, 73.025 ಮಿಮೀ; ಸ್ಟ್ರೋಕ್, ಅಂದ್ರೆ ಪಿಸ್ಟನ್ ಚಲಿಸುವ ದೂರ, 88.9 ಮಿಮೀ. ದಶಮಾಂಶ ನೋಡಿ ಗಾಬರಿ ಬೇಡ, ಇದು ಇಂಚಿನ ಎಂಜಿನ್, 2.875 ಮತ್ತು 3.5 ಇಂಚು ಅಷ್ಟೇ. 1955ರಲ್ಲಿ ಬಂದ ಎಂಜಿ ಎ ಅನ್ನುವ ಸ್ಪೋರ್ಟ್ಸ್ ಕಾರಿಗೂ ಇದೇ 1489 ಸಿಸಿ ಎಂಜಿನ್ ಹಾಕಿದ್ದರು, ಹಾಗಾಗಿ ಓದಿಕೊಳ್ಳುವುದಕ್ಕೆ ಬೇಕಾದಷ್ಟು ಸಿಗುತ್ತದೆ. ಟ್ಯೂನಿಂಗ್ ಬೇರೆ, ಅಲ್ಲಿನ ಎಲ್ಲ ಅಂಕಿಗಳನ್ನೂ ಕಣ್ಣುಮುಚ್ಚಿ ಇದಕ್ಕೆ ಹಾಕಬೇಡಿ. ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿ ನಿಂತದ್ದು 2014ರಲ್ಲಿ. ಸಾಮಾನು ಇನ್ನೂ ಸಿಗುತ್ತಿದೆ, ಆದರೆ ಕಲಬುರಗಿಯ ಸ್ಪೇರ್ ಅಂಗಡಿಗಳಲ್ಲಿ ಗ್ಯಾಸ್ಕೆಟ್, ಫ್ಯಾನ್ ಬೆಲ್ಟ್‌ನಂಥವು ಬಿಟ್ಟರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕು.

ಮೊದಲು ಊರಿನಲ್ಲೇ ಇನ್ನೊಂದು ಕಡೆ ವಿಚಾರಿಸಿದ್ದೆ. ಹೆಸರು ಬೇಡ. ಅವರು ಬ್ಲಾಕ್ ನೋಡಿದ್ದೇ ತಡ, ‘ಬಿಟ್ಟು ಹೋಗ್ರಿ, 20 ಥೌ ಹೊಡದ್ ಕೊಡ್ತೀವಿ, ಪಿಸ್ಟನ್ ಆಮ್ಯಾಗ ತಗೋರಿ’ ಅಂದರು. ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲಿ ಒಂದು ಭಾಗ, ಮಿಲಿಮೀಟರ್‌ನಲ್ಲಿ 0.0254. ಅಳತೆ ಇಲ್ಲ, ಗೇಜ್ ಇಲ್ಲ. ಒಳಗೆ ಬೆರಳು ಆಡಿಸಿ ಹೇಳಿಬಿಟ್ಟರು. ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ ಆಗುತ್ತದೆ ಅಲ್ವಾ? ಬ್ಲಾಕ್ ಮತ್ತೆ ಆಟೋಗೆ ಹಾಕಿಸಿಕೊಂಡು ಹೊರಟೆ.

ಕಪನೂರದ ಉಸ್ತಾದ್ ಬ್ಲಾಕ್ ನೋಡಿದಾಗ ಕೇಳಿದ ಮೊದಲ ಮಾತೇ ‘ಪಿಸ್ಟನ್ ಎಲ್ಲಿ ಅವ್ರಿ?’ ಇನ್ನೂ ತರಿಸಿಲ್ಲ ಅಂದೆ. ‘ಅವು ಬಂದ್ ಮ್ಯಾಲ ಬೋರ್. ಅಲ್ಲಿತನಕ ನಾ ಮಶೀನ್ ಹಚ್ಚಂಗಿಲ್ರಿ. ಯಾವ್ ಸೈಜ್ ತರಬೇಕು ಅನ್ನೋದು ಮಾತ್ರ ಈಗ ನೋಡಿ ಹೇಳ್ತೀನಿ’ ಅಂದರು. ಅಲ್ಲಿಗೆ ನನಗೆ ಅರ್ಧ ನಂಬಿಕೆ ಬಂತು. ಇನ್ನರ್ಧ ಅವರು ಅಳತೆ ಮಾಡಿದ ರೀತಿ ನೋಡಿ ಬಂತು.

ಹಳೇ ಮಿಟುಟೊಯೊ ಮೈಕ್ರೋಮೀಟರ್, ಡಬ್ಬಿಯ ಮೂಲೆ ಒಡೆದಿದೆ, ಆದರೆ ಒಳಗಿನ ಮಖ್ಮಲ್ ಬಟ್ಟೆ ಸ್ವಚ್ಛ. ಮೊದಲು ಅದನ್ನು 2.875 ಇಂಚಿಗೆ ಹಿಡಿದು ಸಿಲಿಂಡರಿನ ಒಳಗಳತೆ ನೋಡುವ ಬೋರ್ ಗೇಜಿನ ಮುಳ್ಳನ್ನು ಸೊನ್ನೆಗೆ ತಂದರು. ಆಮೇಲೆ ಒಂದೊಂದು ಸಿಲಿಂಡರಿಗೂ ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ನೋಡಿದರು. ಪ್ರತಿ ಕಡೆ ಎರಡು ದಿಕ್ಕು, ಕ್ರ್ಯಾಂಕಿನ ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು. ಗೇಜನ್ನು ಹಿಂದೆ ಮುಂದೆ ಸ್ವಲ್ಪ ತೂಗುತ್ತಾರೆ, ಮುಳ್ಳು ಎಲ್ಲಿಂದ ವಾಪಸ್ ತಿರುಗುತ್ತದೋ ಅದೇ ಅಳತೆ. ಪ್ರತಿಯೊಂದನ್ನೂ ಬ್ಲಾಕಿನ ಮೇಲೇ ಸೀಮೆಸುಣ್ಣದಲ್ಲಿ ಬರೆದರು. ಸವೆತ ಎಲ್ಲ ಮೇಲ್ಭಾಗದಲ್ಲಿ, ರಿಂಗ್ ಮೇಲೆ ಹೋಗಿ ವಾಪಸ್ ತಿರುಗುವ ಜಾಗದಲ್ಲಿ, ಅದೂ ಅಡ್ಡ ದಿಕ್ಕಿಗೆ ಜಾಸ್ತಿ. ಪಿಸ್ಟನ್ ಗೋಡೆಗೆ ಒರಗುವುದೇ ಆ ಕಡೆ, ಅದಕ್ಕೆ. ಮೂರನೇ ಸಿಲಿಂಡರ್ 9 ಥೌ ಸವೆದಿತ್ತು. ಈ ಎಂಜಿನ್‌ಗೆ 10, 20, 30, 40 ಥೌ ದೊಡ್ಡ ಪಿಸ್ಟನ್‌ಗಳು ಇವೆ. 10ಕ್ಕೆ ಹೋದರೆ ಮೂರನೆಯದರ ಗೋಡೆ ಪೂರ್ತಿ ಹಸನಾಗಲ್ಲ, ಸವೆದ ಗುರುತು ಎಲ್ಲೋ ಒಂದು ಕಡೆ ಉಳಿದುಬಿಡುತ್ತದೆ. ಅದಕ್ಕೆ 20. ಬೆರಳು ಆಡಿಸಿದವರು ಹೇಳಿದ್ದೂ 20, ಇವರು ಹೇಳಿದ್ದೂ 20. ಒಂದು ಅಂದಾಜು, ಇನ್ನೊಂದಕ್ಕೆ ಬ್ಲಾಕಿನ ಮೇಲೆ ಲೆಕ್ಕ ಇದೆ.

ಪಿಸ್ಟನ್ ಬಂದ ಮೇಲೆ ಇನ್ನೊಂದು ವಿಚಿತ್ರ ಅನ್ನಿಸುವ ಮಾತು ಹೇಳಿದರು. ಸ್ಕೂಟರ್ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ತಂದಿದ್ದೆ. ಡಬ್ಬಿ ಮುಟ್ಟಿ ನೋಡಿ, ‘ಇವತ್ತು ಆಗಂಗಿಲ್ಲ, ರಾತ್ರಿ ಇಲ್ಲೇ ಬ್ಲಾಕಿನ ಬಾಜೂ ಇರ್ಲಿ, ಮುಂಜಾನೆ ಅಳೀತೀನಿ’ ಅಂದರು. ಆಗ ಸ್ವಲ್ಪ ಬೇಜಾರಾಯಿತು. ಮನೆಗೆ ಬಂದು ಲೆಕ್ಕ ಹಾಕಿದೆ. ಪಿಸ್ಟನ್ ಅಲ್ಯೂಮಿನಿಯಂ, ಬ್ಲಾಕ್ ಬೀಡು. ಕಾಯಿಸಿದಾಗ ಅಲ್ಯೂಮಿನಿಯಂ ಬೀಡಿಗಿಂತ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. ಅಳತೆಯ ಲೋಕದಲ್ಲಿ ಎಲ್ಲ ಅಂಕಿಗಳೂ 20 ಡಿಗ್ರಿ ಸೆಲ್ಸಿಯಸ್‌ಗೆ. ನಮ್ಮ ಊರಿನ ಬೇಸಿಗೆಯಲ್ಲಿ ಅಂಗಡಿಯೊಳಗೇ 40 ಅಂದುಕೊಳ್ಳಿ. 73 ಮಿಮೀ ಪಿಸ್ಟನ್ ಆ 20 ಡಿಗ್ರಿಗೆ ಸುಮಾರು 0.034 ಮಿಮೀ ಹಿಗ್ಗುತ್ತದೆ, ಬೋರ್ ಸುಮಾರು 0.016 ಮಾತ್ರ. ಎರಡೂ ಒಂದೇ ಕೋಣೆಯಲ್ಲಿದ್ದರೂ ಮಧ್ಯದ ಗ್ಯಾಪ್ ಮುಕ್ಕಾಲು ಥೌಗೆ ಹತ್ತಿರ ಕಡಿಮೆ ಆಗುತ್ತದೆ. ಇನ್ನು ಪಿಸ್ಟನ್ ಬಿಸಿಲಿಂದ ಬಂದು, ಬ್ಲಾಕ್ ನೆರಳಲ್ಲಿ ತಣ್ಣಗಿದ್ದರೆ? ಒಂದೆರಡು ಥೌ ಗ್ಯಾಪಿನ ಆಟದಲ್ಲಿ ಅದು ಸಣ್ಣ ಮಾತಲ್ಲ. ಉಸ್ತಾದ್ ಈ ಲೆಕ್ಕ ಯಾವ ಪುಸ್ತಕದಲ್ಲೂ ಓದಿಲ್ಲ ಅನ್ನುವುದು ನನ್ನ ಊಹೆ. ಕೈಗೆ ಗೊತ್ತು.

ಮಾರನೇ ದಿನ ನಾಲ್ಕೂ ಪಿಸ್ಟನ್‌ಗಳನ್ನು ಸ್ಕರ್ಟ್ (ಪಿಸ್ಟನ್ನಿನ ಕೆಳಭಾಗ) ಹತ್ತಿರ, ಪಿನ್ನಿಗೆ ಅಡ್ಡ ದಿಕ್ಕಿನಲ್ಲಿ ಅಳೆದರು. ಒಂದೇ ಡಬ್ಬಿ, ಒಂದೇ 20 ಅಂತ ಬರೆದ ಪಿಸ್ಟನ್‌ಗಳು, ಆದರೂ ನಾಲ್ಕೂ ಒಂದೇ ಅಳತೆ ಇರಲಿಲ್ಲ. ಕೂದಲೆಳೆ ವ್ಯತ್ಯಾಸ. ಮಾರ್ಕರ್‌ನಲ್ಲಿ 1, 2, 3, 4 ಬರೆದು, ಯಾವ ಸಿಲಿಂಡರಿಗೆ ಯಾವ ಪಿಸ್ಟನ್ ಅಂತ ಗಂಟು ಹಾಕಿದರು. ಬೋರಿಂಗ್ ಮಶೀನ್‌ನಲ್ಲಿ ಪೂರ್ತಿ ಸೈಜಿಗೆ ಹೋಗಲಿಲ್ಲ. ಸ್ವಲ್ಪ ಉಳಿಸಿ, ಕೊನೆಯದನ್ನು ಹೋನಿಂಗ್‌ನಲ್ಲಿ (ಸಾಣೆ ಕಲ್ಲಿನಿಂದ ಉಜ್ಜಿ) ಆಯಾ ಪಿಸ್ಟನ್ನಿಗೆ ತಕ್ಕ ಹಾಗೆ ತೆಗೆದರು. ಗೋಡೆಯ ಮೇಲೆ ಓರೆ ಗೆರೆಗಳು ಒಂದನ್ನೊಂದು ದಾಟಿ ಬಲೆಯ ಹಾಗೆ ನಿಂತಿವೆ, ಎಣ್ಣೆ ಹಿಡಿಯುವುದು ಅಲ್ಲೇ. ಕನ್ನಡಿ ಹಾಗೆ ಫಳಫಳ ಹೊಳೆಯುವ ಬೋರ್ ನೋಡಿ ಖುಷಿಪಡಬೇಡಿ, ಹೊಸ ರಿಂಗ್ ಅದರಲ್ಲಿ ಕೂರಲ್ಲ.

ಕ್ರ್ಯಾಂಕ್ ಕೆಲಸವೂ ಅದೇ ಶಿಸ್ತು. ಬೇರಿಂಗ್ ತಂದು ಕೊಟ್ಟ ಮೇಲೇ ಗ್ರೈಂಡಿಂಗ್. ಬಿಗ್ ಎಂಡ್ (ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಕೂರುವ ಜಾಗ) 10 ಥೌ ಕಡಿಮೆ ಮಾಡಿದರು, ಮೇನ್‌ಗಳಿಗೂ 10. ನಾನು ಹಟ ಹಿಡಿದು ನೋಡಿದ್ದು ಜರ್ನಲ್‌ನ, ಅಂದ್ರೆ ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ಭಾಗದ, ಎರಡೂ ಅಂಚು. ಅಲ್ಲಿ ಮೂಲೆ ಚೂಪಾಗಿರಬಾರದು, ಸಣ್ಣ ಗುಂಡಗಿನ ತಿರುವು ಉಳಿದಿರಬೇಕು. ಗ್ರೈಂಡಿಂಗ್ ಕಲ್ಲು ಚೂಪಾಗಿ ಮೂಲೆ ಕಡಿದರೆ ಕ್ರ್ಯಾಂಕ್ ಬಿರುಕು ಬಿಡುವುದು ಅಲ್ಲಿಂದಲೇ. ಮೂರೇ ಮೇನ್ ಬೇರಿಂಗ್ ಇರುವ ಎಂಜಿನ್, ಕ್ರ್ಯಾಂಕಿಗೆ ಆಸರೆ ಮೊದಲೇ ಕಡಿಮೆ. ಇವರು ತಿರುವು ಉಳಿಸಿದ್ದರು, ಎಣ್ಣೆ ತೂತಿನ ಬಾಯಿಯ ಚೂಪನ್ನೂ ಸವರಿದ್ದರು. ಮನೆಯಲ್ಲಿ ಪ್ಲಾಸ್ಟಿಗೇಜ್ ಎಳೆ (ಎಷ್ಟು ಚಪ್ಪಟೆ ಆಯಿತು ಅನ್ನುವುದರಿಂದ ಗ್ಯಾಪ್ ಹೇಳುವ ಮೆತ್ತನೆ ಎಳೆ) ಇಟ್ಟು ಕ್ಯಾಪ್ ಬಿಗಿದು ನೋಡಿದೆ, ಬಿಗ್ ಎಂಡ್ ಎಲ್ಲವೂ 1ರಿಂದ 2.5 ಥೌ ಒಳಗೇ ಬಂದವು. ಪುಸ್ತಕ ಕೇಳುವುದೂ ಅಷ್ಟೇ.

ಹೆಡ್ ವಿಷಯದಲ್ಲಿ ಮಾತ್ರ ನಾನೇ ಒತ್ತಾಯ ಮಾಡಬೇಕಾಯಿತು. ಈ ಎಂಜಿನ್ ಹುಟ್ಟಿದ್ದು ಸೀಸ ಹಾಕಿದ ಪೆಟ್ರೋಲಿನ ಕಾಲದಲ್ಲಿ. ವಾಲ್ವ್ ಕೂರುವ ಸೀಟ್ ಬೇರೆ ಲೋಹ ಅಲ್ಲ, ಹೆಡ್ಡಿನ ಬೀಡಿನಲ್ಲೇ ಕಡೆದದ್ದು. ಎಕ್ಸಾಸ್ಟ್ ವಾಲ್ವಿನ ಸೀಟನ್ನು ಕಾಪಾಡುತ್ತಿದ್ದದ್ದು ಆ ಸೀಸ. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಊರೊಳಗೆ ನಿಧಾನ ಓಡಿಸಿದರೆ ಏನೂ ಆಗಲ್ಲ, ಆದರೆ ಹೈದರಾಬಾದ್ ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿಸಿದರೆ ವಾಲ್ವ್ ನಿಧಾನಕ್ಕೆ ಹೆಡ್ ಒಳಗೆ ಇಳಿಯುತ್ತಾ ಹೋಗುತ್ತದೆ, ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು) ತಾನಾಗೇ ಮುಚ್ಚುತ್ತದೆ. ಅದಕ್ಕೆ ಗಟ್ಟಿ ಸೀಟ್ ರಿಂಗ್ ಹಾಕಿ ಅಂದೆ. ‘ಬ್ಯಾಡ್ರಿ, ಮೂವತ್ತ್ ವರ್ಷ ಹಂಗೇ ಓಡ್ಯಾವ’ ಅಂತ ತಲೆ ಅಲ್ಲಾಡಿಸಿದರು. ಕೊನೆಗೆ ಎಕ್ಸಾಸ್ಟ್ ನಾಲ್ಕಕ್ಕೆ ಮಾತ್ರ ಹಾಕಿದರು, ಇನ್‌ಲೆಟ್‌ಗೆ ಬೇಕಿಲ್ಲ ಅನ್ನುವುದರಲ್ಲಿ ಇಬ್ಬರೂ ಒಪ್ಪಿದೆವು. ಕೆಲಸ ನೀಟಾಗಿದೆ. ಹೆಡ್ಡಿನ ಮುಖವನ್ನು ಬೇಕಾದಷ್ಟೇ ಸವರಿದ್ದಾರೆ, ಆ ಹೃದಯದ ಆಕಾರದ ಕಂಬಷನ್ ಚೇಂಬರ್ ಇದೆಯಲ್ಲ, ಹ್ಯಾರಿ ವೆಸ್ಲೇಕ್ ಅನ್ನುವವರು ಬಿಎಂಸಿಗೆ ಮಾಡಿಕೊಟ್ಟ ವಿನ್ಯಾಸ, ಅದರ ಆಳ ಸುಮ್ನೆ ಕಡಿಮೆ ಆಗಿಲ್ಲ.

ಇನ್ನು ಬೈಗುಳದ ಭಾಗ.

ಫೋನ್ ಎತ್ತಲ್ಲ. ಯಾವಾಗ ಕೇಳಿದರೂ ‘ನಾಳೆ’. ಆ ನಾಳೆ ಯಾವ ವಾರದ್ದು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಶುಕ್ರವಾರ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿರುತ್ತದೆ. ಕರೆಂಟ್ ಹೋದರೆ ಎಲ್ಲ ನಿಂತಿತು, ಜನರೇಟರ್ ಇಲ್ಲ. ಬಿಲ್ ಕೇಳಿದರೆ ಒಂದು ಚೀಟಿಯಲ್ಲಿ ಮೊತ್ತ ಮಾತ್ರ ಬರೆದು ಕೊಡುತ್ತಾರೆ. ಬೋರಿಂಗ್ ರೇಟ್ ಸಿಲಿಂಡರ್ ಲೆಕ್ಕ, ಗ್ರೈಂಡಿಂಗ್ ಜರ್ನಲ್ ಲೆಕ್ಕ, ಸೀಟಿಗೆ ಒಂದೊಂದಕ್ಕೆ ಇಷ್ಟು ಅಂತ. ಎಲ್ಲ ಸೇರಿ ಹೈದರಾಬಾದಿನಲ್ಲಿ ನನಗೆ ಹೇಳಿದ ಮೊತ್ತದ ಅರ್ಧಕ್ಕಿಂತ ಸ್ವಲ್ಪ ಮೇಲೆ ಆಯಿತು. ಸಾಗಿಸುವ ಖರ್ಚು ಬೇರೆ ಉಳಿಯಿತು. ಹೆಡ್ಡಿನಲ್ಲಿ ಬಿರುಕು ಇದೆಯಾ ಅಂತ ಪ್ರೆಷರ್ ಹಾಕಿ ನೋಡುವ ವ್ಯವಸ್ಥೆ ಇವರಲ್ಲಿಲ್ಲ. ಕ್ರ್ಯಾಂಕ್ ಬ್ಯಾಲೆನ್ಸಿಂಗ್ ಇಲ್ಲ. ಮೇನ್ ಬೇರಿಂಗಿನ ಸಾಲೇ ಸೊಟ್ಟ ಆಗಿದ್ದರೆ ಲೈನ್ ಬೋರಿಂಗ್ ಬೇಕಾಗುತ್ತದೆ, ಅದನ್ನೂ ಮಾಡಲ್ಲ. ಅಂಥ ಎಂಜಿನ್ ಇದ್ದರೆ ಇಲ್ಲಿಗೆ ಬರಬೇಡಿ, ನೇರ ಹೈದರಾಬಾದಿಗೇ ಹೋಗಿ.

ಎಲ್ಲಕ್ಕಿಂತ ದೊಡ್ಡ ತಕರಾರು, ಇವರು ತೊಳೆಯಲ್ಲ. ಬ್ಲಾಕ್ ಮೇಲೆ ಗಾಳಿ ಹೊಡೆದು ಕೊಟ್ಟುಬಿಡುತ್ತಾರೆ. ಹೋನಿಂಗ್ ಕಲ್ಲಿನ ಪುಡಿ ಆ ಸಣ್ಣ ಗೆರೆಗಳಲ್ಲಿ ಕೂತಿರುತ್ತದೆ, ಹಾಗೇ ಕಟ್ಟಿದರೆ ಹೊಸ ರಿಂಗನ್ನು ಅದೇ ತಿಂದುಹಾಕುತ್ತದೆ. ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆದರೆ ಜಿಡ್ಡು ಹೋಗುತ್ತದೆ, ಪುಡಿ ಹೋಗಲ್ಲ. ಬಿಸಿನೀರು, ಬಟ್ಟೆ ಸೋಪಿನ ಪುಡಿ, ಗಟ್ಟಿ ಬ್ರಷ್ ಬೇಕು. ಹಿತ್ತಲಿನ ಶಹಾಬಾದ್ ಫರ್ಸಿ ಮೇಲೆ ಬ್ಲಾಕ್ ಇಟ್ಟು ಉಜ್ಜಿದೆ. ಒರೆಸಿದ ಬಿಳಿ ಬನಿಯನ್ ಬಟ್ಟೆ ಬೂದು ಬಣ್ಣಕ್ಕೆ ತಿರುಗುತ್ತಲೇ ಇತ್ತು, ಮತ್ತೆ ಸೋಪು, ಮತ್ತೆ ನೀರು, ಕೊನೆಗೆ ಬಟ್ಟೆ ಬಿಳಿಯಾಗೇ ಹೊರಗೆ ಬರುವ ತನಕ. ಎಣ್ಣೆ ಗ್ಯಾಲರಿಯ (ಬ್ಲಾಕಿನೊಳಗೆ ಎಣ್ಣೆ ಹರಿಯುವ ದಾರಿ) ಪ್ಲಗ್ ತೆಗೆದು ತಂತಿ ಬ್ರಷ್ ಹಾಕಿ ಎಳೆಯಬೇಕು, ಕ್ರ್ಯಾಂಕಿನ ಎಣ್ಣೆ ತೂತುಗಳನ್ನೂ. ನೀರು ಆರುವ ಮುಂಚೆ ಗಾಳಿ ಹೊಡೆದು ಎಂಜಿನ್ ಆಯಿಲ್ ಸವರಿಬಿಡಿ. ಬರೀ ಬೀಡು, ನೋಡನೋಡುತ್ತಲೇ ಕೆಂಪು ಹಿಡಿಯುತ್ತದೆ. ಈ ಕೆಲಸ ಅಂಗಡಿಯವರು ಮಾಡಿದರೂ ನಾನು ಇನ್ನೊಂದು ಸಲ ಮಾಡುತ್ತಿದ್ದೆ, ಆದರೆ ಕೊಡುವಾಗ ಒಂದು ಮಾತಾದರೂ ಹೇಳಬೇಕಿತ್ತು. ಗೊತ್ತಿಲ್ಲದವರು ಹಾಗೇ ಕಟ್ಟಿಬಿಡುತ್ತಾರೆ.

ಜೋಡಿಸಿದ ಕಥೆ ಜಾಸ್ತಿ ಹೇಳಲ್ಲ. ರಿಂಗ್‌ಗಳನ್ನು ಒಂದೊಂದಾಗಿ ಬೋರ್ ಒಳಗೆ ಇಳಿಸಿ ಬಾಯಿಯ ಗ್ಯಾಪ್ ಫೀಲರ್ ಗೇಜ್‌ನಲ್ಲಿ ನೋಡಿ, 8ರಿಂದ 13 ಥೌ ನಡುವೆ ಇರಬೇಕು. ಬೋರ್ ಸರಿಯಾಗಿದ್ದರೆ ಇಲ್ಲೇ ಗೊತ್ತಾಗುತ್ತದೆ, ಮೇಲೂ ಕೆಳಗೂ ಗ್ಯಾಪ್ ಒಂದೇ ಬರುತ್ತದೆ. ನನ್ನದು ಬಂತು. ಟ್ಯಾಪೆಟ್‌ಗೆ ಒಂಬತ್ತರ ಲೆಕ್ಕ ಗೊತ್ತಿದ್ದರೆ ಕೆಲಸ ಸಲೀಸು. ಎಂಟು ವಾಲ್ವ್ ಮುಂದಿನಿಂದ ಎಣಿಸಿ. 8ನೆಯದು ಪೂರ್ತಿ ತೆರೆದಿದ್ದಾಗ 1ನೆಯದು ಹೊಂದಿಸಿ, 6 ತೆರೆದಾಗ 3, ಎರಡೂ ಕೂಡಿದರೆ ಯಾವಾಗಲೂ ಒಂಬತ್ತು. ಎಂಜಿನ್ ಎತ್ತಿ ಕೂರಿಸುವುದಕ್ಕೆ ಬೋರ್‌ವೆಲ್ ಮೋಟರ್ ಎತ್ತುವವರ ಮೂರು ಕಾಲಿನ ಸ್ಟ್ಯಾಂಡ್ ಮತ್ತು ಚೈನ್ ಬ್ಲಾಕ್ ಬಾಡಿಗೆಗೆ ತಂದೆ. ಹತ್ತಿರ ಒಂದೂವರೆ ಕ್ವಿಂಟಲ್ ತೂಕದ ಎಂಜಿನ್, ಹಗ್ಗ ಕಟ್ಟಿ ನಾಲ್ಕು ಜನ ಎತ್ತುತ್ತೀವಿ ಅನ್ನುವ ಸಾಹಸ ಬೇಡ.

ಮೊದಲ ಸಲ ಚಾಲೂ ಆದಾಗ ಸೈಲೆನ್ಸರಿನಿಂದ ಒಂದಷ್ಟು ಬಿಳಿ ಹೊಗೆ, ಜೋಡಿಸುವಾಗ ಸವರಿದ ಎಣ್ಣೆ ಸುಟ್ಟದ್ದು. ಆಮೇಲೆ ಸ್ವಚ್ಛ. ನೀಲಿ ಹೊಗೆ ಹೋಗಿದೆ. ಸ್ಟಾರ್ಟ್ ಆದ ತಕ್ಷಣ ಐಡಲ್‌ನಲ್ಲಿ ಬಿಡದೆ ಸ್ವಲ್ಪ ಜಾಸ್ತಿ ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಬೇಕು, ಕ್ಯಾಮ್‌ಶಾಫ್ಟಿಗೆ ಎಣ್ಣೆ ಚಿಮ್ಮುವುದು ಕ್ರ್ಯಾಂಕ್ ಜೋರಾಗಿ ತಿರುಗಿದಾಗಲೇ. ಹಿಂದೆ ಫ್ಲೈವೀಲ್ ಕಡೆಯಿಂದ ಮಾತ್ರ ಎಣ್ಣೆ ಇನ್ನೂ ಹನಿಯುತ್ತದೆ. ಅದಕ್ಕೆ ಉಸ್ತಾದ್‌ನ ಬೈಯಬೇಡಿ, ಈ ಎಂಜಿನ್‌ನಲ್ಲಿ ಹಿಂದಿನ ಕ್ರ್ಯಾಂಕಿಗೆ ರಬ್ಬರ್ ಸೀಲೇ ಇಲ್ಲ. ಶಾಫ್ಟಿನ ಮೇಲೆ ಕೊರೆದ ಸುರುಳಿ ಗೆರೆ ತಿರುಗುತ್ತಾ ಎಣ್ಣೆಯನ್ನು ಒಳಗೆ ತಳ್ಳುತ್ತದೆ, ನಿಂತಾಗ ಯಾರು ತಳ್ಳಬೇಕು? ಬಾಗಿಲ ಮುಂದೆ ಗಾಡಿ ನಿಲ್ಲಿಸಿದರೆ ಕೆಳಗೆ ಒಂದು ತಟ್ಟೆ ಇಡಿ, ಮನೆಯವರ ಬೈಗುಳ ಉಳಿಯುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಅರ್ಧ ತೊಳೆಯದ್ದಕ್ಕೆ ಕಟ್, ಇನ್ನರ್ಧ ಆ ‘ನಾಳೆ’ಗೆ. ಅಳತೆಗೆ ಪೂರ್ತಿ ಅಂಕ.

ಹೋಗುವವರಿಗೆ ಒಂದೆರಡು ಮಾತು. ಕಾರ ಹುಣ್ಣಿಮೆಯ ಆಸುಪಾಸಿಗೆ ಹೋಗಲೇಬೇಡಿ, ಬಿತ್ತನೆಗೆ ಮುಂಚೆ ಊರಿನ ಟ್ರ್ಯಾಕ್ಟರ್‌ಗಳೆಲ್ಲ ಅಲ್ಲೇ ಬಾಯಿ ತೆರೆದು ನಿಂತಿರುತ್ತವೆ, ರೈತನ ಕೆಲಸ ಬಿಟ್ಟು ನಿಮ್ಮ ಶೋಕಿ ಕಾರನ್ನು ಅವರು ಮುಟ್ಟಲ್ಲ, ಮುಟ್ಟಲೂಬಾರದು. ತೊಗರಿ ರಾಶಿ ಮುಗಿದ ಮೇಲೆ ಫೆಬ್ರವರಿಯಲ್ಲಿ ಹೋದರೆ ಕೈ ಖಾಲಿ ಇರುತ್ತದೆ, ಬಿಸಿಲೂ ಅಷ್ಟು ಏರಿರುವುದಿಲ್ಲ. ಬೇರಿಂಗ್ ಕ್ಯಾಪ್‌ಗಳಿಗೆ ಮನೆಯಲ್ಲೇ ಪಂಚ್‌ನಿಂದ ನಂಬರ್ ಹೊಡೆದು ತಗೊಂಡು ಹೋಗಿ, ಅಲ್ಲಿ ನಾಲ್ಕಾರು ಎಂಜಿನ್‌ಗಳ ಸಾಮಾನು ಒಂದೇ ಬೆಂಚಿನ ಮೇಲಿರುತ್ತದೆ. ಸೀಮೆಸುಣ್ಣದಲ್ಲಿ ಬರೆದ ಅಳತೆಯ ಫೋಟೋ ತೆಗೆದುಕೊಳ್ಳಿ, ತೊಳೆದರೆ ಅಳಿಸಿಹೋಗುತ್ತದೆ. ಅಂಗಡಿ ಮುಂದೆ ಎರಡು ಎತ್ತರದ ಮೆಟ್ಟಿಲಿವೆ, ಬ್ಲಾಕ್ ಹೊರುವುದಕ್ಕೆ ಅಲ್ಲಿ ಹುಡುಗರಿಲ್ಲ. ಜೊತೆಗೆ ಗಟ್ಟಿ ಆಳೊಬ್ಬರನ್ನು ಕರೆದುಕೊಂಡು ಹೋಗಿ.